ರಿಮೋಟ್ ಕೀ ಕೈಕೊಟ್ಟಾಗ

ಕಾರಿನ ರಿಮೋಟ್ ಕೀ ಒಂದು ಪುಟ್ಟ ರೇಡಿಯೋ ಪ್ರೇಷಕ. ಗುಂಡಿಯನ್ನು ಒತ್ತಿದಾಗ ಅದು ಹೊರಡಿಸುವ ಸಂಕೇತವನ್ನು ಕಾರಿನೊಳಗಿನ ರಿಸೀವರ್ ಓದಿ, ಅದು ತನಗೆ ಪರಿಚಿತವಾದ ಕೀಯಿಂದಲೇ ಬಂದದ್ದೆಂದು ಖಚಿತವಾದ ಮೇಲಷ್ಟೇ ಬಾಗಿಲುಗಳ ಬೀಗವನ್ನು ತೆರೆಯಿಸುತ್ತದೆ. ಕೆಲಸ ಹೀಗೆ ಎರಡು ಕಡೆ ಹಂಚಿಹೋಗಿರುವುದರಿಂದ, ಬೀಗ ತೆರೆಯದಿದ್ದಾಗ ದೋಷ ಕೀಯಲ್ಲಿದೆಯೋ ಕಾರಿನಲ್ಲಿದೆಯೋ ಎಂಬುದನ್ನು ಮೊದಲು ತಿಳಿಯಬೇಕು. ಅದಕ್ಕೆ ಕಾರಿನೊಂದಿಗೇ ಬಂದು ಬಹಳ ಮನೆಗಳಲ್ಲಿ ಬೀರುವಿನಲ್ಲೇ ಉಳಿದುಬಿಡುವ ಎರಡನೆಯ ಕೀಗಿಂತ ಒಳ್ಳೆಯ ಪರೀಕ್ಷೆ ಬೇರೊಂದಿಲ್ಲ. ಅದು ಕೆಲಸ ಮಾಡಿದರೆ ಕಾರು ನಿರ್ದೋಷಿ. ಸೆಲ್ ಹೊಸದಿದ್ದೂ ಎರಡು ಕೀಗಳೂ ಸೋತರೆ ಕಾರಿನ ಬ್ಯಾಟರಿ, ಫ್ಯೂಸ್ ಮತ್ತು ರಿಸೀವರ್‌ಗಳತ್ತ ನೋಡಬೇಕಾಗುತ್ತದೆ.

ದೋಷ ಕೀಯಲ್ಲೇ ಇದ್ದರೆ ಮೊದಲ ಅನುಮಾನ ಸೆಲ್‌ನ ಮೇಲೆ. ಹತ್ತಿರ ಹೋಗಿ ಒತ್ತಿದರಷ್ಟೇ ಕಾರು ಸ್ಪಂದಿಸುವುದು ಅದು ಸೊರಗುತ್ತಿರುವುದರ ಮುನ್ಸೂಚನೆ. ಮೀಟರ್ ಹಿಡಿದು ನೋಡಿದರೆ ಸುಮಾರು 3 ವೋಲ್ಟ್ ಕಂಡಿತೆಂದು ನೆಮ್ಮದಿಯಿಂದಿರುವುದು ತಪ್ಪು. ಹಳೆಯ ಸೆಲ್‌ನ ಆಂತರಿಕ ರೋಧ, ಅಂದರೆ ವಿದ್ಯುತ್ತಿಗೆ ಒಳಗೇ ಒದಗುವ ಅಡ್ಡಿ, ಹೆಚ್ಚಾಗಿರುವುದರಿಂದ, ಭಾರವಿಲ್ಲದಾಗ ಸರಿಯಾಗಿ ತೋರುವ ವೋಲ್ಟೇಜು ಪ್ರೇಷಕ ವಿದ್ಯುತ್ತನ್ನು ಸೆಳೆದ ಕ್ಷಣದಲ್ಲೇ ಕುಸಿಯುತ್ತದೆ. ಕೀಯ ದೀಪ ಮಿನುಗಿದ ಮಾತ್ರಕ್ಕೆ ಸಂಕೇತ ಹೊರಟಿತೆಂದೂ ಹೇಳಲಾಗದು. ಸೆಲ್ ಬದಲಿಸುವಾಗ ಅದರ ಮೇಲಿನ ಸಂಖ್ಯೆಯನ್ನು ಗಮನಿಸಬೇಕು: ಸಿಆರ್ 2032 ಎಂದರೆ 20 ಮಿಲಿಮೀಟರ್ ವ್ಯಾಸ, 3.2 ಮಿಲಿಮೀಟರ್ ದಪ್ಪ. ಅದರ ಜಾಗದಲ್ಲಿ ತೆಳುವಾದ 2025ನ್ನು ಕೂರಿಸಿದರೆ ಸಂಪರ್ಕ ಸಡಿಲವಾಗಬಹುದು. ತೆಗೆದ ಸೆಲ್ ಮಕ್ಕಳ ಕೈಗೆ ಸಿಗಬಾರದು. ನುಂಗಿದರೆ ಅದು ಅನ್ನನಾಳವನ್ನು ಸುಟ್ಟುಬಿಡುತ್ತದೆ.

ಹೊಸ ಸೆಲ್‌ಗೂ ಕೀ ಜಗ್ಗದಿದ್ದರೆ, ಸಂಪರ್ಕಪಟ್ಟಿಗಳಲ್ಲಿ ಕಿಲುಬು ಹಿಡಿದಿರಬಹುದು, ಇಲ್ಲವೇ ಪದೇಪದೇ ಒತ್ತಿ ಗುಂಡಿಯಡಿಯ ಸ್ವಿಚ್ಚಿನ ಬೆಸುಗೆ ಬಿಟ್ಟಿರಬಹುದು. ಬೆಸುಗೆಯನ್ನು ಮೊಬೈಲ್ ರಿಪೇರಿ ಮಾಡುವವರೂ ಸರಿಪಡಿಸಬಲ್ಲರು.

ಹೆಚ್ಚು ತಪ್ಪು ತಿಳಿವಳಿಕೆ ಇರುವುದು ‘ರೋಲಿಂಗ್ ಕೋಡ್’ ವಿಚಾರದಲ್ಲಿ. ಕಳ್ಳರು ಒಮ್ಮೆ ಹಿಡಿದಿಟ್ಟ ಸಂಕೇತವನ್ನು ಮರುಬಳಕೆ ಮಾಡದಿರಲೆಂದು ಪ್ರತಿ ಒತ್ತಿಗೂ ಸಂಕೇತ ಬದಲಾಗುವಂತೆ ಮಾಡುವ ಈ ಏರ್ಪಾಡಿನಲ್ಲಿ ಕೀ ಮತ್ತು ಕಾರು ತಂತಮ್ಮ ಎಣಿಕೆಯನ್ನು ಇಟ್ಟುಕೊಂಡಿರುತ್ತವೆ. ಮನೆಯೊಳಗೆ ಮಗುವೊಂದು ಗುಂಡಿಯನ್ನು ಒತ್ತುತ್ತ ಆಡಿದರೆ ಕೀಯ ಎಣಿಕೆ ಮುಂದೋಡುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ರೂಪುಗೊಂಡ ‘ಕೀಲಾಕ್’ ಪದ್ಧತಿಯ ಸಾಮಾನ್ಯ ವಿನ್ಯಾಸದಲ್ಲಿ ಈ ಅಂತರ 16 ಹೆಜ್ಜೆಯೊಳಗಿದ್ದರೆ ಬಾಗಿಲು ಕೂಡಲೇ ತೆರೆಯುತ್ತದೆ. ಅದನ್ನು ಮೀರಿದ್ದರೆ ಕಾರು ಒಂದರ ಹಿಂದೊಂದು ಬಂದ ಎರಡು ಸಂಕೇತಗಳನ್ನು ಹೋಲಿಸಿ ತನ್ನ ಎಣಿಕೆಯನ್ನು ಸರಿಹೊಂದಿಸಿಕೊಳ್ಳುತ್ತದೆ. ಕಾರಿನ ಬಳಿ ನಿಂತು ಎರಡು ಮೂರು ಬಾರಿ ಒತ್ತಿ ನೋಡುವ ಮೊದಲೇ ‘ಪ್ರೋಗ್ರಾಮಿಂಗ್’ ಎಂದು ಹಣ ತೆರುವುದು ಅವಸರದ ಕೆಲಸ.

ರಿಮೋಟ್ ಸತ್ತರೂ ಎಂಜಿನ್ ಸಾಮಾನ್ಯವಾಗಿ ಚಾಲೂ ಆಗುತ್ತದೆ, ಏಕೆಂದರೆ ಕಳವು ತಡೆಯುವ ಇಮ್ಮೊಬಿಲೈಸರ್ ಗುರುತಿಸುವುದು ಕೀಯಲ್ಲಿರುವ ಬೇರೊಂದು ಪುಟ್ಟ ಚಿಪ್ಪನ್ನು. ಅದಕ್ಕೆ ಸೆಲ್ ಬೇಕಿಲ್ಲ, ಕಾರಿನ ಸುರುಳಿಯ ಕಾಂತಕ್ಷೇತ್ರದಿಂದಲೇ ಅದು ಶಕ್ತಿ ಪಡೆಯುತ್ತದೆ. ಗುಂಡಿ ಒತ್ತಿ ಚಾಲೂ ಮಾಡುವ ಅನೇಕ ಕಾರುಗಳಲ್ಲಿ ಕೀಯನ್ನು ಆ ಗುಂಡಿಗೇ ತಾಗಿಸಿ ಹಿಡಿಯಬೇಕೆನ್ನುವುದೂ ಇದೇ ಕಾರಣಕ್ಕೆ. ಸವೆದ ಕೀಗೆ ಪೇಟೆಯಲ್ಲಿ ಅಗ್ಗದ ಹೊಸ ಕವಚ ಹಾಕಿಸುವವರು ಹಳೆಯದನ್ನು ಎಸೆಯುವ ಮುನ್ನ ಅದರ ಮೂಲೆಯಲ್ಲಿ ಈ ಚಿಪ್ಪು ಉಳಿದಿದೆಯೇ ಎಂದು ನೋಡಬೇಕು; ಕೆಲವು ಮಾದರಿಗಳಲ್ಲಿ ಅದು ಸರ್ಕ್ಯೂಟ್ ಬೋರ್ಡಿನ ಮೇಲಿರದೆ ಕವಚದಲ್ಲೇ ಕೂತಿರುತ್ತದೆ, ಅದು ಕಳೆದರೆ ಬಾಗಿಲು ತೆರೆದೀತೇ ಹೊರತು ಕಾರು ಕದಲದು.