ಮಂಡಿಗಿಂತ ಮೊದಲು ತೊಡೆ

ಮಂಡಿ ಆಪರೇಷನ್ ನಿಶ್ಚಯವಾಯಿತೆಂದರೆ ಮನೆಯಲ್ಲಿ ವಿಚಾರಣೆ ಶುರು. ಸರ್ಜನ್ ಯಾರು, ಯಾವ ಕಂಪನಿಯ ಮಂಡಿ, ಖರ್ಚೆಷ್ಟು, ಅಮಾವಾಸ್ಯೆ ಕಳೆದ ಮೇಲೆ ಮಾಡಿಸಬಹುದೇ? ತೊಡೆಯ ವಿಷಯ ಮಾತ್ರ ಯಾರೂ ಎತ್ತುವುದಿಲ್ಲ. ‘ಹೇಗೂ ಹೊಸ ಮಂಡಿ ಬರುತ್ತಲ್ಲ, ಅಲ್ಲಿಯವರೆಗೆ ಓಡಾಡಬೇಡಮ್ಮ’ ಎಂದು ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿಬಿಡುತ್ತೇವೆ. ಪ್ರೀತಿಯೇನೋ ಸರಿ, ನಷ್ಟವಾಗುವುದು ಅಮ್ಮನ ಕಾಲಿಗೆ.

ಈ ಆಪರೇಷನ್ನಿನಲ್ಲಿ ಇಡೀ ಕೀಲನ್ನೇನೂ ಕಿತ್ತು ತೆಗೆಯುವುದಿಲ್ಲ. ತೊಡೆಮೂಳೆಯ ಕೆಳತುದಿಯಿಂದಲೂ ಮೊಣಕಾಲಿನ ಕೆಳಗಿನ ಮೂಳೆಯ ಮೇಲ್ತುದಿಯಿಂದಲೂ ಸವೆದ ಭಾಗವನ್ನು ಸುಮಾರು 1 ಸೆಂಟಿಮೀಟರಿನಷ್ಟು ಕತ್ತರಿಸಿ, ಲೋಹದ ಹೊದಿಕೆ ಕೂರಿಸಿ, ನಡುವೆ ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನ ಬಿಲ್ಲೆ ಇಡುತ್ತಾರೆ. 1970ರ ದಶಕದಲ್ಲಿ ಸರ್ಜನ್ ಜಾನ್ ಇನ್ಸಾಲ್ ಮತ್ತು ಸಂಗಡಿಗರು ನ್ಯೂಯಾರ್ಕಿನಲ್ಲಿ ರೂಪಿಸಿದ ಮಾದರಿಯ ಮೂಲ ಲೆಕ್ಕಾಚಾರ ಇಂದಿಗೂ ಉಳಿದಿದೆ. ಆದರೆ ಹೊಸ ಕೀಲನ್ನು ಆಡಿಸಬೇಕಾದ ಸ್ನಾಯು ಮತ್ತು ನರಗಳು ಹಳೆಯವೇ.

ಕುರ್ಚಿಯಿಂದ ಏಳುವುದಕ್ಕೂ ಮೆಟ್ಟಿಲು ಇಳಿಯುವುದಕ್ಕೂ ನಮಗೆ ಆಧಾರ ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಸ್ನಾಯು. ಆಪರೇಷನ್ನಾದ ಮೊದಲ ತಿಂಗಳಲ್ಲಿ ಇದರ ಬಲ ಮೊದಲಿದ್ದುದರ ಅರ್ಧಕ್ಕೆ, ಕೆಲವೊಮ್ಮೆ ಅದಕ್ಕಿಂತಲೂ ಕೆಳಗೆ ಇಳಿಯುತ್ತದೆ. ಅಷ್ಟು ಬೇಗ ಸ್ನಾಯು ಕರಗಿಹೋಯಿತೇ? ಸ್ವಲ್ಪ ಕರಗುವುದು ನಿಜ, ಆದರೆ ದೊಡ್ಡ ಪಾಲು ನರಗಳ ಕೆಲಸ. ಕೀಲು ಊದಿಕೊಂಡಾಗ ಅದರೊಳಗಿನ ನರಗಳು ಬೆನ್ನುಹುರಿಗೆ ಸುದ್ದಿ ಮುಟ್ಟಿಸುತ್ತವೆ. ಬೆನ್ನುಹುರಿ ಸ್ನಾಯುವಿಗೆ ಹೋಗುವ ಆಜ್ಞೆಯನ್ನು ತಗ್ಗಿಸುತ್ತದೆ. ಇದು ನೋವಿನ ಭಯದಿಂದ ಆಗುವುದಲ್ಲ. ಆರೋಗ್ಯವಂತರ ಮಂಡಿಯೊಳಕ್ಕೆ ಉಪ್ಪುನೀರು ತುಂಬಿ 1984ರಲ್ಲಿ ಮಾಡಿದ ಪ್ರಯೋಗದಲ್ಲಿ, ಕೇವಲ 20–30 ಮಿಲಿಲೀಟರಿಗೇ ಕ್ವಾಡ್ರಿಸೆಪ್ಸ್‌ನ ಒಳಬದಿಯ ಪಟ್ಟಿ ಮಂಕಾಗತೊಡಗಿತ್ತು. ನಾಲ್ಕರಿಂದ ಆರು ಟೀ ಚಮಚದಷ್ಟು ನೀರು! ‘ಕಾಲೆತ್ತಿ’ ಎಂದಾಗ ಎತ್ತಲಾರದ ರೋಗಿಯನ್ನು ಸೋಮಾರಿ ಎಂದು ಗದರುವವರು ಇದನ್ನೊಮ್ಮೆ ನೆನೆಯಬೇಕು.

ಈ ಕುಸಿತವನ್ನು ಪೂರ್ತಿ ತಪ್ಪಿಸಲಾಗದು. ಕುಸಿಯುವ ಮುಂಚೆ ಬಲ ಎಷ್ಟಿತ್ತು ಎಂಬುದು ಮಾತ್ರ ನಮ್ಮ ಕೈಯಲ್ಲಿದೆ. ಆಪರೇಷನ್ನಿಗೆ ಮುಂಚಿನ ವ್ಯಾಯಾಮದ ಲಾಭ ಹೆಚ್ಚಾಗಿ ಕಾಣುವುದು ಮೊದಲ ಕೆಲವು ವಾರಗಳಲ್ಲಿ; ವರ್ಷ ಕಳೆದ ಮೇಲೆ ಮಾಡಿದವರಿಗೂ ಮಾಡದವರಿಗೂ ದೊಡ್ಡ ಅಂತರ ಉಳಿಯುವುದಿಲ್ಲ. ಆದರೂ ಬಚ್ಚಲಿಗೆ ಹೋಗಲು ಇನ್ನೊಬ್ಬರ ಹೆಗಲು ಬೇಕಾಗುವುದು ಆ ವಾರಗಳಲ್ಲೇ ಆದ್ದರಿಂದ, ನನ್ನ ಲೆಕ್ಕದಲ್ಲಿ ಅದು ಸಣ್ಣ ಲಾಭವಲ್ಲ.

ವ್ಯಾಯಾಮವೂ ಸರಳ. ಹಾಸಿಗೆಯ ಮೇಲೆ ಕಾಲು ಚಾಚಿ ಮಂಡಿಯ ಹಿಂಬದಿಯಿಂದ ಹಾಸಿಗೆಯನ್ನು ಒತ್ತಿ ಐದು ಎಣಿಸುವುದು, ನೆಟ್ಟಗಿನ ಕಾಲನ್ನು ಗೇಣುದ್ದ ಎತ್ತುವುದು, ಹಿಮ್ಮಡಿಯನ್ನು ಜಾರಿಸುತ್ತ ಮಂಡಿ ಮಡಿಸುವುದು. ವಾಕರ್ ಹಿಡಿಯಬೇಕಾದ ತೋಳುಗಳಿಗೂ ಕೆಲಸ ಕೊಡಬೇಕು. ಎಷ್ಟು ಸಲ ಎಂಬುದನ್ನು ಫಿಸಿಯೋಥೆರಪಿಸ್ಟ್ ಹೇಳಲಿ. ಆಪರೇಷನ್ನಿಗೆ ಮುಂಚೆ ಮಂಡಿ ಎಷ್ಟು ಬಾಗುತ್ತಿತ್ತೋ ಅದರ ಮೇಲೆಯೇ ಮುಂದಿನ ಮಡಿಕೆ ಬಹುಪಾಲು ನಿಲ್ಲುತ್ತದೆ. ಮೆಟ್ಟಿಲಿಗೆ 90 ಡಿಗ್ರಿಯ ಆಸುಪಾಸು ಸಾಕು. ಕುಕ್ಕರುಗಾಲಲ್ಲಿ ಕೂರಲು 130ಕ್ಕೂ ಹೆಚ್ಚು ಬೇಕು, ಅದು ಬಹುತೇಕರಿಗೆ ಮರಳಿ ಸಿಗದು. ಹಾಗಾಗಿ ಮನೆಯಲ್ಲಿ ಇಂಡಿಯನ್ ಟಾಯ್ಲೆಟ್ ಮಾತ್ರ ಇದ್ದರೆ ಕಮೋಡ್ ಕುರ್ಚಿ ಮೊದಲೇ ಬರಲಿ.

ರಕ್ತವನ್ನೂ ವಾರಗಳ ಮುಂಚೆಯೇ ಪರೀಕ್ಷಿಸಬೇಕು. ಹಿಮೋಗ್ಲೋಬಿನ್ ಕಡಿಮೆಯಿದ್ದರೆ ರಕ್ತ ಕೊಡಿಸಬೇಕಾದ ಸಂಭವ ಹೆಚ್ಚು. ಕಬ್ಬಿಣದ ಮಾತ್ರೆಗೆ ವಾರಗಟ್ಟಲೆ ಕಾಲ ಬೇಕು, ಅದೂ ಕಾಫಿ ಟೀ ಜೊತೆ ನುಂಗಿದರೆ ಅರ್ಧ ವ್ಯರ್ಥ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಗಾಯಕ್ಕೆ ಸೋಂಕು ತಗಲುವ ಭಯ. ಬೀಡಿ ಸಿಗರೇಟು ಕನಿಷ್ಠ ನಾಲ್ಕು ವಾರ ಮುಂಚೆ ನಿಲ್ಲಬೇಕು. ಹುಳುಕು ಹಲ್ಲು, ಕಾಲ್ಬೆರಳ ಸಂದಿನ ಹುಣ್ಣನ್ನು ಮುಚ್ಚಿಡಬೇಡಿ. ಮಂಡಿಯ ಕೂದಲನ್ನು ಮನೆಯಲ್ಲಿ ರೇಜರಿನಿಂದ ತೆಗೆಯಲೂ ಬೇಡಿ, ಆ ಗೀರುಗಳೇ ಬ್ಯಾಕ್ಟೀರಿಯಾಕ್ಕೆ ಬಾಗಿಲು.

ಆಪರೇಷನ್ನಾದ ದಿನವೋ ಮರುದಿನವೋ ಎಬ್ಬಿಸಿ ನಡೆಸುತ್ತಾರೆ, ಹೆದರಬೇಕಿಲ್ಲ. ಮನೆಗೆ ಬಂದ ಮೇಲೆ ಹಿತವೆಂದು ಮಂಡಿಯಡಿ ದಿಂಬು ಇಟ್ಟುಕೊಳ್ಳುವವರಿದ್ದಾರೆ. ಹಾಗೆ ಮಾಡಿದರೆ ಕೀಲು ಬಾಗಿದ ಭಂಗಿಯಲ್ಲೇ ಬಿಗಿದುಕೊಂಡು ನಡಿಗೆ ಕುಂಟುತ್ತದೆ. ದಿಂಬು ಬೇಕೇ ಬೇಕೆಂದರೆ ಹಿಮ್ಮಡಿಯ ಕೆಳಗಿರಲಿ.