ಸುರಪುರದ ಅರಸನೂ ಪಂಚರ ನ್ಯಾಯವೂ

ಸೈದಾಪುರದ ಸ್ಟೇಷನ್ನಿನಲ್ಲಿ ರಾಯಚೂರಿನ ಗಾಡಿಗಾಗಿ ಕಾಯುತ್ತಿದ್ದಾಗ, ಪಕ್ಕದ ಬೆಂಚಿನ ಇಬ್ಬರು ವೃದ್ಧರು ಬದುವಿನ ವ್ಯಾಜ್ಯವೊಂದನ್ನು ಚರ್ಚಿಸುತ್ತಿದ್ದರು. “ಅಗಸಿ ಮುಂದ ನಾಕು ಮಂದಿ ಹಿರ್ಯಾರು ಕುಂತಿದ್ರ ಒಂದ ದಿನದಾಗ ಮುಗೀತಿತ್ತು” ಎಂದನೊಬ್ಬ. “ಆ ನಾಕು ಮಂದ್ಯಾಗ ಮೂರು ಮಂದಿ ಅವನ ಬೀಗರ ಇದ್ದಿದ್ರ?” ಎಂದು ಇನ್ನೊಬ್ಬ ಕೇಳಿದ. ನನ್ನ ಕೈಯಲ್ಲಿದ್ದುದು ಫಿಲಿಪ್ ಮೆಡೋಸ್ ಟೇಲರನ ಆತ್ಮಕಥೆ. ಅದರಲ್ಲಿ ಬೆರಳಿಟ್ಟುಕೊಂಡಿದ್ದ ಪುಟ ಸುರಪುರದ ಕೊನೆಯ ಅರಸನ ವಿಚಾರಣೆಯದಾಗಿತ್ತು.

1858ರ ಫೆಬ್ರವರಿಯಲ್ಲಿ ಆಂಗ್ಲರೊಡನೆ ಕಾದು, ಸೋತು, ಹೈದರಾಬಾದಿಗೆ ತಪ್ಪಿಸಿಕೊಂಡು ಹೋಗಿ ಅಲ್ಲಿ ಸೆರೆಸಿಕ್ಕ ರಾಜಾ ವೆಂಕಟಪ್ಪ ನಾಯಕನನ್ನು ವಿಚಾರಿಸಿದುದು ಸೈನಿಕ ಆಯೋಗ. ಅರ್ಥಾತ್, ಯಾವ ಪಕ್ಷದ ಮೇಲೆ ಅವನು ಶಸ್ತ್ರವೆತ್ತಿದನೋ ಆ ಪಕ್ಷವೇ ಪೀಠದ ಮೇಲೂ ಕುಳಿತಿತ್ತು. 1841ರಿಂದ 1853ರವರೆಗೆ ಸುರಪುರದ ಆಡಳಿತವನ್ನು ನೋಡಿಕೊಂಡು, ಬಾಲಕ ಅರಸನ ಬಾಯಲ್ಲಿ ‘ಅಪ್ಪಾ’ ಎಂದು ಕರೆಸಿಕೊಂಡಿದ್ದ ಟೇಲರನು ಸೆರೆಮನೆಯಲ್ಲಿ ಅವನನ್ನು ಕಂಡು, ಪ್ರಚೋದಕರ ಹೆಸರು ಹೇಳಬಾರದೇ ಎಂದು ಕೇಳಿದ್ದುಂಟು, ಅರಸ ಒಪ್ಪಲಿಲ್ಲ. ಸಾಯುವುದೇ ಆದರೆ ನೇಣಿಗಿಂತ ತೋಪಿನ ಬಾಯಿ ಮೇಲೆಂಬುದು ಆ ತರುಣನ ಅಭಿಮಾನದ ಬೇಡಿಕೆಯಾಗಿತ್ತು. ಆಯೋಗ ಮರಣದಂಡನೆ ವಿಧಿಸಿತು. ರೆಸಿಡೆಂಟ್ ಡೇವಿಡ್‌ಸನ್ ಅದನ್ನು ಆಜೀವ ದ್ವೀಪಾಂತರಕ್ಕಿಳಿಸಿದ. ಗವರ್ನರ್ ಜನರಲ್ ಇನ್ನೂ ಇಳಿಸಿ, ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷ ಸೆರೆಯಲ್ಲಿರಲೆಂದ. ನೇಣಿನಿಂದ ನಾಲ್ಕು ವರ್ಷಕ್ಕೆ! ಒಂದೇ ಅಪರಾಧ, ಒಬ್ಬನೇ ಆರೋಪಿ. ಆದರೂ ಕುಳಿತವರು ಬದಲಾದಂತೆಲ್ಲ ಶಿಕ್ಷೆಯೂ ಬದಲಾಯಿತು. ಆ ಮೂವರಲ್ಲಿ ಸುರಪುರ ಸೀಮೆಯವನು ಒಬ್ಬನೂ ಇರಲಿಲ್ಲ.

ನೆರೆಯ ಸೀಮೆಯಲ್ಲಿ ಇದಕ್ಕೆ ವಿರುದ್ಧವಾದ ಶ್ರದ್ಧೆಯ ಮನುಷ್ಯನೊಬ್ಬ ಅದಕ್ಕೂ ಮೊದಲೇ ಬಾಳಿ ಹೋಗಿದ್ದ. 1800ರಿಂದ 1807ರವರೆಗೆ ಬಳ್ಳಾರಿಯೂ ಸೇರಿದ ದತ್ತ ಮಂಡಲಕ್ಕೆ ಪ್ರಧಾನ ಕಲೆಕ್ಟರನಾಗಿ, ಡೇರೆಯಿಂದ ಡೇರೆಗೆ ತಿರುಗಿ ರೈತರ ಮಾತು ಕೇಳಿದ ಥಾಮಸ್ ಮನ್ರೋ, ನಾಡಿನ ನುಡಿನಡತೆಗಳನ್ನರಿಯದ ಪರದೇಶಿ ನ್ಯಾಯಾಧೀಶನಿಗಿಂತ ಊರ ಪಂಚರೇ ಸತ್ಯಾಸತ್ಯವನ್ನು ಚೆನ್ನಾಗಿ ಬಲ್ಲರೆಂದು ದೃಢವಾಗಿ ನಂಬಿದ್ದನು. ಅವನ ಒತ್ತಾಯದಿಂದ ಮದ್ರಾಸಿನಲ್ಲಿ 1816ರಲ್ಲಿ ಪಂಚಾಯತಿಗಳಿಗೆ ಶಾಸನದ ಬಲ ದೊರೆಯಿತು. ಆದರೆ ಉಭಯ ಪಕ್ಷದವರೂ ಒಪ್ಪಿದರೆ ಮಾತ್ರ ಊರ ಪಂಚರು ಸೇರಬೇಕು. ಸೋಲುವೆನೆಂದು ಬಲ್ಲವನು ಒಪ್ಪುವುದುಂಟೆ? ಜನ ಅತ್ತ ಹೆಚ್ಚಾಗಿ ಸುಳಿಯಲಿಲ್ಲ. ಗವರ್ನರನಾದ ಮೇಲೂ ಹಟ ಬಿಡದೆ, 1827ರಲ್ಲಿ ಕ್ರಿಮಿನಲ್ ಮೊಕದ್ದಮೆಗಳಿಗೆ ಜ್ಯೂರಿಯನ್ನು ತರುವ ಶಾಸನ ಮಾಡಿಸಿ, ಅದೇ ವರ್ಷ ಜುಲೈಯಲ್ಲಿ ಪತ್ತಿಕೊಂಡದಲ್ಲಿ ಕಾಲರಾದಿಂದ ಅವನು ತೀರಿಕೊಂಡ. ಸಾಹೇಬರ ಹೊಗಳಿಕೆ ನನ್ನ ಸ್ವಭಾವವಲ್ಲ. ಈತನನ್ನು ಮಾತ್ರ ಬಿಟ್ಟು ಮುಂದೆ ಹೋಗಲು ಮನಸ್ಸು ಬಾರದು.

1861ರ ದಂಡಪ್ರಕ್ರಿಯಾ ಸಂಹಿತೆಯೊಡನೆ ಜ್ಯೂರಿ ಜಿಲ್ಲೆಗಳಿಗೂ ಬಂದಿತು, ಅದೂ ಸರ್ಕಾರ ಆರಿಸಿದ ಕಡೆಗೆ. ಸುರಪುರವೂ ಸೇರಿದ ನಿಜಾಮನ ಸೀಮೆಗೆ ಆ ಸಂಹಿತೆ ಅನ್ವಯಿಸಲಿಲ್ಲ. ಬಂದ ಕಡೆಯಲ್ಲಾದರೂ ಪಂಚರು ನಮ್ಮವರಾಗಿದ್ದರೆ? ಲೋಕಮಾನ್ಯ ತಿಲಕರನ್ನು ಮುಂಬಯಿಯಲ್ಲಿ 1897ರಲ್ಲಿ ಅಪರಾಧಿಯೆಂದವರು ಆರು ಮಂದಿ, ಅಲ್ಲವೆಂದವರು ಮೂವರು; ಆ ಮೂವರೂ ಭಾರತೀಯರು. 1908ರಲ್ಲಿ ಏಳಕ್ಕೆ ಇಬ್ಬರು. ಆ ಇಬ್ಬರೂ ಭಾರತೀಯರೇ. ಬೆಂಚಿನ ಮೇಲಿನ ಎರಡನೆಯ ವೃದ್ಧನ ಶಂಕೆ ಹೈಕೋರ್ಟಿನ ಮಾಳಿಗೆಯಲ್ಲಿಯೂ ನಿಜವಾಯಿತು. ಅಲ್ಲಿ ಬೀಗತನದ ಬದಲು ಚರ್ಮದ ಬಣ್ಣವಿತ್ತು, ಅಷ್ಟೆ.

ಆದರೂ ಜ್ಯೂರಿಯ ಒಂದು ಗುಣವನ್ನು ನಾನು ಮರೆಯಲಾರೆ. ಕಾನೂನಿನ ಅಕ್ಷರ ನಿರ್ದಯವಾಗಿದ್ದೆಡೆ, ಕಾರಣ ಹೇಳದೆಯೇ ‘ಇಲ್ಲ’ ಎನ್ನುವ ಅಧಿಕಾರ ಸಾಮಾನ್ಯನಿಗಿತ್ತು. ಕಾರಣ ಹೇಳಬೇಕಿಲ್ಲವೆಂಬ ಸ್ವಾತಂತ್ರ್ಯವೇ ಅದರ ಅಪಾಯವೂ ಹೌದು. 1959ರಲ್ಲಿ, ಗುಂಡಿಕ್ಕಿ ಕೊಂದ ಆರೋಪ ಹೊತ್ತಿದ್ದ ನೌಕಾದಳದ ಕಮಾಂಡರ್ ನಾನಾವತಿಯನ್ನು ಜ್ಯೂರಿಯ ಎಂಟು ಜನ ನಿರ್ದೋಷಿಯೆಂದರು, ಒಬ್ಬ ಒಪ್ಪಲಿಲ್ಲ. ‘ಬ್ಲಿಟ್ಜ್’ ಪತ್ರಿಕೆ ವಿಚಾರಣೆಗೆ ಮೊದಲೇ ಊರಿನ ಕಿವಿಯನ್ನು ತುಂಬಿತ್ತು. ನ್ಯಾಯಾಧೀಶರು ಪ್ರಕರಣವನ್ನು ಹೈಕೋರ್ಟಿಗೆ ಒಪ್ಪಿಸಿದರು. ಅಲ್ಲಿ ಜೀವಾವಧಿ ಶಿಕ್ಷೆಯಾಯಿತು. 1961ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಆ ಮೊಕದ್ದಮೆಯೇ ಜ್ಯೂರಿಯನ್ನು ಕೊಂದಿತೆಂದು ಸಿನಿಮಾ ನೋಡಿದವರೆಲ್ಲ ಹೇಳುವುದು ನನಗೆ ಸಿಟ್ಟು ತರಿಸುತ್ತದೆ. ಸೆತಲ್ವಾಡರ ಕಾನೂನು ಆಯೋಗ 1958ರಲ್ಲಿಯೇ, ಗುಂಡು ಹಾರುವ ಮೊದಲೇ, ಜ್ಯೂರಿ ಬೇಡವೆಂದಿತ್ತು. 1973ರ ಹೊಸ ಸಂಹಿತೆಯಲ್ಲಿ ಅದಕ್ಕೆ ಸ್ಥಳವೇ ಇರಲಿಲ್ಲ. ಮನ್ರೋ ಹಟ ಹಿಡಿದು ವಾದಿಸಿದ ವಿಷಯ ಸದ್ದಿಲ್ಲದೆ ಸತ್ತುಹೋಯಿತು. ಪಾರಸೀಯರ ವೈವಾಹಿಕ ನ್ಯಾಯಾಲಯಗಳಲ್ಲಿ ಅದರ ನೆರಳೊಂದು ಉಳಿದಿದೆ.

ನಾಲ್ಕು ವರ್ಷದ ಸೆರೆಯನ್ನು ವೆಂಕಟಪ್ಪ ನಾಯಕ ಕಾಣಲೇ ಇಲ್ಲ. ಚೆಂಗಲ್ಪಟ್ಟಿನ ದಾರಿಯಲ್ಲಿ, ಕಾವಲಿನ ಅಧಿಕಾರಿಯ ರಿವಾಲ್ವರಿನಿಂದ ತಾನೇ ಗುಂಡು ಹಾರಿಸಿಕೊಂಡನೆಂದು ಟೇಲರ್ ಬರೆದಿದ್ದಾನೆ. ಕೊಂದರೆಂದು ಹೇಳುವವರು ಸುರಪುರದಲ್ಲಿದ್ದಾರೆ; ಟೇಲರನ ಬಂಗಲೆಯನ್ನು ತೋರಿಸುತ್ತ, ಅವನು ಬರೆದುದನ್ನು ಅಲ್ಲಗಳೆಯುತ್ತಾರೆ.