ಮನೆಯಿಂದ ಕೇಂದ್ರಕ್ಕೆ ಏರುವ ಬೆಳಕು

೨೦೨೦ನೆಯ ಇಸವಿಯಲ್ಲಿ ಶಾಲಾ ಕಾಲೇಜುಗಳು ಮುಚ್ಚಿ, ಪಾಠಪ್ರವಚನಗಳೆಲ್ಲ ದೂರದಿಂದಲೇ ನಡೆಯಬೇಕಾಗಿ ಬಂದುದು ವಾಚಕರಿಗೆ ನೆನಪಿರಬೇಕು. ಆ ದಿನಗಳಲ್ಲಿ ನಮಗೊಂದು ವಿಚಿತ್ರ ಅನುಭವವಾಯಿತು. ಮಲೆನಾಡಿನ ಅಂಚಿನ ಹಳ್ಳಿಯೊಂದರಿಂದ ಪಾಠ ಕೇಳುತ್ತಿದ್ದ ವಿದ್ಯಾರ್ಥಿನಿಯೊಬ್ಬಳಿಗೆ ನಮ್ಮ ಮಾತು ಸ್ಪಷ್ಟವಾಗಿಯೇ ಮುಟ್ಟುತ್ತಿತ್ತು. ಅವಳು ಕೇಳಿದ ಪ್ರಶ್ನೆ ಮಾತ್ರ ನಮಗೆ ಬರುತ್ತಿರಲಿಲ್ಲ. ತುಂಡುತುಂಡಾದ ಎರಡು ಅಕ್ಷರ ಕೇಳಿಸಿ ಸದ್ದಡಗುತ್ತಿತ್ತು. ಅದು ಮೊಬೈಲ್ ಫೋನಿನ ತೊಡಕು, ನಿಜ. ಆದರೆ ಆ ಹಳ್ಳಿಗೆ ಫೈಬರ್ ಏಕೆ ಬಂದಿಲ್ಲವೆಂದು ವಿಚಾರಿಸಿದಾಗ ದೊರೆತ ಉತ್ತರ ನಮ್ಮ ಶಾಸ್ತ್ರಕ್ಕೆ ಸಂಬಂಧಿಸಿದುದಾಗಿತ್ತು: ಹತ್ತಿರದ ಕೇಂದ್ರ ಮೂವತ್ತು ಕಿಲೋಮೀಟರಿಗೂ ಆಚೆ ಇದೆ, ಅಷ್ಟು ದೂರದಿಂದ ಮನೆಯ ಬೆಳಕು ಕೇಂದ್ರವನ್ನು ಮುಟ್ಟಲಾರದು. ಹೀಗೇಕೆ, ಇದಕ್ಕೆ ಪರಿಹಾರವೇನು ಎಂಬುದೇ ಈ ಲೇಖನದ ವಿಷಯ.

ಮೊದಲು ಈ ಜಾಲದ ರಚನೆಯನ್ನು ಸ್ಥೂಲವಾಗಿ ನೋಡೋಣ. ದೂರವಾಣಿ ಕೇಂದ್ರದಿಂದ ಕೂದಲೆಳೆಯಷ್ಟು ತೆಳ್ಳಗಿನ ಗಾಜಿನ ಎಳೆಯೊಂದು ಹೊರಡುತ್ತದೆ. ಇದೇ ದ್ಯುತಿತಂತು, ಜನರ ಬಾಯಲ್ಲಿ ಫೈಬರ್. ಊರಿನ ಬಳಿ, ಕಂಬದ ಮೇಲೋ ರಸ್ತೆಯ ಬದಿಯಲ್ಲೋ ಇರುವ ಒಂದು ಪೆಟ್ಟಿಗೆಯಲ್ಲಿ ಅದು ೩೨ ಅಥವಾ ೬೪ ಕವಲುಗಳಾಗಿ ಒಡೆದು, ಒಂದೊಂದು ಕವಲು ಒಂದೊಂದು ಮನೆಯನ್ನು ಸೇರುತ್ತದೆ. ಕವಲೊಡೆಸುವ ಸಾಧನಕ್ಕೆ ಸ್ಪ್ಲಿಟ್ಟರ್ ಎಂದು ಹೆಸರು. ಅದರೊಳಗೆ ವಿದ್ಯುತ್ತಿನಿಂದ ನಡೆಯುವಂಥದು ಏನೂ ಇಲ್ಲ. ಮಳೆ ಬರಲಿ, ಮೂರು ದಿನ ಕರೆಂಟು ಹೋಗಲಿ, ಅದು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಆದಕಾರಣವೇ ಇಂತಹ ಜಾಲವನ್ನು ನಿಷ್ಕ್ರಿಯ ಜಾಲವೆನ್ನುತ್ತಾರೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ೨೦೦೩ರಲ್ಲಿ ರೂಪಿಸತೊಡಗಿದ ಜಿ-ಪಾನ್ ಎಂಬ ಪದ್ಧತಿ ಇವುಗಳಲ್ಲಿ ಬಹಳ ಪ್ರಚಾರಕ್ಕೆ ಬಂದುದು. ನಮ್ಮ ದೇಶದಲ್ಲಿ ಗ್ರಾಮಪಂಚಾಯಿತಿಗಳನ್ನು ಜೋಡಿಸಲೆಂದು ೨೦೧೧ರಲ್ಲಿ ಅಂಗೀಕಾರವಾಗಿ, ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯ ಮೊದಲ ಹಂತದಲ್ಲಿಯೂ ಇದನ್ನೇ ಬಳಸಿದರು.

ಜಿ-ಪಾನಿನಲ್ಲಿ ಕೇಂದ್ರದಿಂದ ಮನೆಗೆ ಇಳಿಯುವ ಬೆಳಕಿನ ಅಲೆಯುದ್ದ ೧೪೯೦ ನ್ಯಾನೊಮೀಟರ್. ಮನೆಯಿಂದ ಕೇಂದ್ರಕ್ಕೆ ಏರುವ ಬೆಳಕಿನದು ೧೩೧೦. ಎರಡೂ ಕಣ್ಣಿಗೆ ಕಾಣದ ಅತಿರಕ್ತ ಕಿರಣಗಳೇ. ಬಣ್ಣ ಬೇರೆಯಾದುದರಿಂದ ಒಂದೇ ಎಳೆಯಲ್ಲಿ ಎದುರುಬದರಾಗಿ ಸಾಗಿದರೂ ಅವು ಒಂದಕ್ಕೊಂದು ಅಡ್ಡಿಯಾಗುವುದಿಲ್ಲ. ಇಳಿಯುವ ದಾರಿಯಲ್ಲಿ ತೊಡಕು ಕಡಮೆ. ಕೇಂದ್ರ ಹೇಳಿದುದೆಲ್ಲ ಎಲ್ಲ ಮನೆಗಳಿಗೂ ಹೋಗುತ್ತದೆ; ಪ್ರತಿಯೊಂದು ಮನೆಯ ಪೆಟ್ಟಿಗೆಯೂ ತನ್ನ ಹೆಸರಿನದನ್ನು ಮಾತ್ರ ಆರಿಸಿಕೊಳ್ಳುತ್ತದೆ. ಏರುವ ದಾರಿ ಹಾಗಲ್ಲ. ೩೨ ಮನೆಗಳೂ ಏಕಕಾಲದಲ್ಲಿ ಬೆಳಕು ಬಿಟ್ಟರೆ ಎಲ್ಲವೂ ಕಲಸಿಹೋಗುತ್ತದೆ. ಆದುದರಿಂದ ತರಗತಿಯಲ್ಲಿ ನಾವು ಹಾಜರಿ ಕರೆಯುವಂತೆ ಕೇಂದ್ರವು ಸರದಿ ಕರೆಯುತ್ತದೆ. ಕರೆಸಿಕೊಂಡ ಮನೆ ಕೆಲವು ಮೈಕ್ರೊಸೆಕೆಂಡು ಮಾತಾಡಿ ಸುಮ್ಮನಾಗಬೇಕು. ಉಳಿದವು ದೀಪ ಆರಿಸಿಕೊಂಡು ಕಾಯುತ್ತಿರಬೇಕು. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರ್. ೨೦ ಕಿಲೋಮೀಟರಿನ ಆಚೆಯ ಮನೆಯ ಉತ್ತರಕ್ಕೆ ೧೦೦ ಮೈಕ್ರೊಸೆಕೆಂಡು ಪ್ರಯಾಣ. ಈ ತಡವನ್ನೂ ಮನೆಮನೆಗೆ ಬೇರೆಬೇರೆಯಾಗಿ ಅಳೆದು ಸರದಿಯನ್ನು ಗೊತ್ತುಮಾಡಿರುತ್ತಾರೆ.

ಈಗ ಬೆಳಕಿನ ಲೆಕ್ಕಕ್ಕೆ ಬರೋಣ. ಇಳಿಯುವಾಗ ೩೨ ಕವಲುಗಳಿಗೆ ಹಂಚಿಹೋಗುವುದರಿಂದ ಒಂದು ಮನೆಗೆ ಮೂವತ್ತೆರಡನೆಯ ಒಂದು ಪಾಲು ಬರುವುದು ಸಹಜ. ಆದರೆ ಏರುವಾಗ ಹಂಚಿಕೊಳ್ಳುವವರು ಯಾರೂ ಇಲ್ಲವಷ್ಟೆ? ಮನೆಯ ಬೆಳಕೆಲ್ಲ ಕೇಂದ್ರಕ್ಕೆ ಸೇರಬೇಕಲ್ಲವೆ? ನಮ್ಮ ವಿದ್ಯಾರ್ಥಿಗಳನ್ನು ಈ ಪ್ರಶ್ನೆ ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಹೌದೆನ್ನುತ್ತಾರೆ. ವಾಸ್ತವವಾಗಿ ಏರುವಾಗಲೂ ಮೂವತ್ತೆರಡನೆಯ ಒಂದು ಪಾಲೇ ಕೇಂದ್ರದ ಎಳೆಯನ್ನು ಹೊಗುತ್ತದೆ. ಉಳಿದ ಮೂವತ್ತೊಂದು ಪಾಲು ಸ್ಪ್ಲಿಟ್ಟರಿನ ಗಾಜಿನಲ್ಲಿ ಸೋರಿ ವ್ಯರ್ಥವಾಗುತ್ತದೆ. ಇದು ತಯಾರಿಕೆಯ ದೋಷವಲ್ಲ. ಎಷ್ಟೇ ನಯವಾಗಿ ಮಾಡಿದರೂ ತಪ್ಪದ ನಷ್ಟವಿದು.

ಕಾರಣ ಹೀಗಿದೆ. ಈ ಎಳೆಯ ತಿರುಳು ಎಷ್ಟು ಸಣ್ಣದೆಂದರೆ, ಬೆಳಕಿನ ಅಲೆ ಅದರಲ್ಲಿ ಒಂದೇ ಒಂದು ವಿನ್ಯಾಸದಲ್ಲಿ ಮಾತ್ರ ಹರಿಯಬಲ್ಲುದು. ಇಂತಹ ೩೨ ಎಳೆಗಳ ಬೆಳಕನ್ನು ನಷ್ಟವಿಲ್ಲದೆ ಒಂದೇ ಎಳೆಗೆ ಸುರಿಯಲು ಸಾಧ್ಯವಿತ್ತೆಂದು ಭಾವಿಸೋಣ. ೩೨ ತುದಿಗಳಲ್ಲಿಯೂ, ಕೇಂದ್ರದ ತುದಿಯಲ್ಲಿಯೂ ಒಂದೇ ಉಷ್ಣತೆಯ ಕಪ್ಪು ವಸ್ತುಗಳನ್ನಿಟ್ಟರೆ ಏನಾಗಬೇಕು? ಪ್ರತಿಯೊಂದು ವಸ್ತುವೂ ತನ್ನ ಎಳೆಗೆ ಸಮನಾದ ಶಾಖಕಿರಣವನ್ನು ಬಿಡುತ್ತದೆ. ಕೇಂದ್ರದ ವಸ್ತು ಒಂದು ಪಾಲನ್ನು ಕೊಟ್ಟು ೩೨ ಪಾಲನ್ನು ಪಡೆದಂತಾಗುವುದು. ತಾನಾಗಿಯೇ ನೆರೆಯವರಿಗಿಂತ ಬಿಸಿಯೇರುತ್ತ ಹೋಗುವುದು. ಸಮನಾದ ಉಷ್ಣತೆಯ ವಸ್ತುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಶಾಖ ಹೀಗೆ ತಾನಾಗಿ ಹರಿಯುವುದು ಉಷ್ಣಗತಿಶಾಸ್ತ್ರದ ಎರಡನೆಯ ನಿಯಮಕ್ಕೆ ವಿರುದ್ಧ. ಉಗಿಯಂತ್ರಗಳ ಕಾಲದಲ್ಲಿ ಹುಟ್ಟಿದ ನಿಯಮವೊಂದು ಹಳ್ಳಿಯ ಕಂಬದ ಮೇಲಿನ ಪೆಟ್ಟಿಗೆಯಲ್ಲಿ ಹೀಗೆ ಸುಂಕ ವಸೂಲಿ ಮಾಡುತ್ತಿದೆ!

ಸುಂಕ ಇಷ್ಟಕ್ಕೇ ಮುಗಿಯದು. ಸ್ಪ್ಲಿಟ್ಟರಿನ ಸಣ್ಣಪುಟ್ಟ ನಷ್ಟಗಳೂ ಸೇರಿ ಐವತ್ತರಲ್ಲಿ ಒಂದು ಪಾಲು ಉಳಿದರೆ, ೧೩೧೦ರ ಬೆಳಕು ೨೦ ಕಿಲೋಮೀಟರ್ ಗಾಜಿನಲ್ಲಿ ನಡೆಯುವಷ್ಟರಲ್ಲಿ ಅದೂ ಐದರಲ್ಲಿ ಒಂದಾಗುತ್ತದೆ. ಬೆಸುಗೆಗಳು, ಜೋಡಣೆಗಳು ಬೇರೆ. ಜಿ-ಪಾನಿನ ವಾಡಿಕೆಯ ಮಿತಿಯಲ್ಲಿ, ಮನೆ ಬಿಟ್ಟುದರ ಸುಮಾರು ೬೩೦ನೆಯ ಒಂದು ಪಾಲು ಕೇಂದ್ರಕ್ಕೆ ಮುಟ್ಟಿದರೆ ಸಾಕು. ಮನೆಯ ಲೇಸರ್ ಒಂದರಿಂದ ಮೂರು ಮಿಲಿವ್ಯಾಟಿನಷ್ಟು ಬೆಳಕು ಬಿಡುತ್ತದೆ. ಕೇಂದ್ರದ ಗ್ರಾಹಕ ಒಂದೂವರೆ ಮೈಕ್ರೊವ್ಯಾಟಿನಷ್ಟನ್ನು ಗುರುತಿಸಬಲ್ಲುದು. ದೂರವನ್ನು ೬೦ ಕಿಲೋಮೀಟರಿಗೆ ಏರಿಸಿದೆವೆನ್ನಿ: ಬೆಳಕು ಇನ್ನೂ ೨೫ ಪಟ್ಟು ಕ್ಷೀಣಿಸುತ್ತದೆ, ಗ್ರಾಹಕ ಕುರುಡಾಗುತ್ತದೆ. ಮನೆಯ ಲೇಸರನ್ನೇ ೨೫ ಪಟ್ಟು ಪ್ರಬಲ ಮಾಡಬಹುದಲ್ಲ ಎಂದರೆ, ಅಂತಹ ಲೇಸರನ್ನು ಪ್ರತಿ ಮನೆಗೂ ಕೊಡಬೇಕು, ಬೆಲೆ ಹೊರುವವರಾರು? ದಾರಿಯಲ್ಲಿ ಎಲ್ಲರಿಗೂ ಸೇರಿ ಒಂದು ವರ್ಧಕವನ್ನಿಡುವುದೇ ವಿವೇಕ.

ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸದೆಯೇ ವರ್ಧಿಸುವ ತತ್ತ್ವ ಐನ್‌ಸ್ಟೈನರು ೧೯೧೭ರಲ್ಲಿ ವಿವರಿಸಿದ ಪ್ರಚೋದಿತ ವಿಸರ್ಜನೆ. ಹೊರಗಿನಿಂದ ಶಕ್ತಿ ತುಂಬಿಸಿಕೊಂಡ ಪರಮಾಣುವಿನ ಬಳಿ ತಕ್ಕ ಬಣ್ಣದ ಫೋಟಾನ್ ಹಾದುಹೋದರೆ, ಪರಮಾಣು ತನ್ನ ಶಕ್ತಿಯನ್ನು ಅಂತಹುದೇ ಇನ್ನೊಂದು ಫೋಟಾನಾಗಿ ಬಿಟ್ಟುಕೊಡುತ್ತದೆ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಆದರೆ ಶಕ್ತಿ ತುಂಬಿದ ಪರಮಾಣು ಯಾರೂ ಕೇಳದಿದ್ದರೂ ಆಗಾಗ ತಾನಾಗಿ ಬೆಳಕನ್ನು ಬಿಡುವುದುಂಟು. ಅದು ಸಂದೇಶವಲ್ಲ, ಗದ್ದಲ. ವರ್ಧಕದ ಗದ್ದಲವನ್ನು ತಗ್ಗಿಸಬಹುದೇ ಹೊರತು ಪೂರ್ಣವಾಗಿ ಇಲ್ಲವಾಗಿಸುವಂತಿಲ್ಲ.

ಈ ಗದ್ದಲವೇ ವರ್ಧಕ ಎಲ್ಲಿರಬೇಕೆಂಬುದನ್ನು ನಿರ್ಧರಿಸುತ್ತದೆ. ಮನೆಗೊಂದರಂತೆ ೩೨ ವರ್ಧಕಗಳನ್ನಿಟ್ಟರೆ, ಒಂದು ಮನೆ ಮಾತಾಡುವಾಗ ಉಳಿದ ೩೧ ವರ್ಧಕಗಳು ಗುಣುಗುಟ್ಟುತ್ತಿರುತ್ತವೆ. ಸ್ಪ್ಲಿಟ್ಟರಿನಲ್ಲಿ ಸಂದೇಶ ಮೂವತ್ತೆರಡನೆಯ ಒಂದು ಪಾಲಿಗೆ ಇಳಿಯುತ್ತದೆ. ೩೨ ಗುಣುಗುಗಳಾದರೋ ತಲಾ ಒಂದು ಪಾಲಿನಂತೆ ಕೂಡಿ ಮತ್ತೆ ಇಡೀ ಗುಣುಗಾಗುತ್ತವೆ. ಆದುದರಿಂದ ಕವಲುಗಳು ಕೂಡಿದ ಮೇಲೆ, ಕೇಂದ್ರದ ಕಡೆಯ ಒಂಟಿ ಎಳೆಯಲ್ಲಿ ವರ್ಧಕವನ್ನಿಡುವುದು ಲೇಸು. ಯುರೋಪಿನ ಪ್ಲಾನೆಟ್ ಎಂಬ ಯೋಜನೆಯಲ್ಲಿ, ೧೯೯೦ರ ದಶಕದ ಕೊನೆಯ ಹೊತ್ತಿಗೆ, ೧೦೦ ಕಿಲೋಮೀಟರ್ ದೂರಕ್ಕೆ ೨೦೪೮ ಮನೆಗಳನ್ನು ಒಂದೇ ಜಾಲದಲ್ಲಿ ಸೇರಿಸುವ ಪ್ರಯೋಗ ನಡೆಯಿತು. ಅಷ್ಟು ದೊಡ್ಡ ಮರಕ್ಕೆ ಕೊಂಬೆಗಳಲ್ಲಿಯೂ ವರ್ಧಕಗಳು ಬೇಕಾದುವು. ಅವರು ಕಂಡುಕೊಂಡ ಉಪಾಯ ಸರಳವಾದುದು: ಯಾವ ಕೊಂಬೆಯ ಸರದಿ ಇಲ್ಲವೋ ಆ ಕೊಂಬೆಯ ವರ್ಧಕವನ್ನು ಆ ಕ್ಷಣಕ್ಕೆ ಆರಿಸಿಬಿಡುವುದು.

ಇನ್ನು ಯಾವ ವರ್ಧಕ? ದೂರದೂರಿನ ಹೆದ್ದಾರಿಗಳಲ್ಲಿ ರಾಜನಂತೆ ಮೆರೆಯುತ್ತಿರುವುದು ಎರ್ಬಿಯಂ ವರ್ಧಕ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾನಿಲಯದಲ್ಲಿ ಡೇವಿಡ್ ಪೇನ್ ಅವರ ತಂಡವೂ, ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಎಮಾನ್ಯುಯೆಲ್ ಡೆಸುರ್ವೀರ್ ಮತ್ತು ಸಂಗಡಿಗರೂ ೧೯೮೭ರಲ್ಲಿ ಇದನ್ನು ಮಾಡಿ ತೋರಿಸಿದರು. ಎರ್ಬಿಯಂ ಎಂಬ ವಿರಳ ಧಾತುವನ್ನು ಬೆರೆಸಿದ ಕೆಲವು ಮೀಟರ್ ಗಾಜಿನ ಎಳೆಗೆ ೯೮೦ ನ್ಯಾನೊಮೀಟರಿನ ಬೆಳಕಿನಿಂದ ಶಕ್ತಿ ತುಂಬಿದರೆ ೧೫೫೦ರ ಆಸುಪಾಸಿನ ಬೆಳಕು ನೂರಾರು ಪಟ್ಟು ಹೆಚ್ಚುತ್ತದೆ. ಆದರೆ ಏರುವ ಬೆಳಕು ೧೩೧೦! ಅಲ್ಲಿ ಎರ್ಬಿಯಂ ಕೆಲಸಕ್ಕೆ ಬಾರದು. ಏರುವ ಬೆಳಕನ್ನು ೧೫೨೪ರಿಂದ ೧೫೪೪ರೊಳಗೆ ಇರಿಸಿದ ಹೊಸ ಪದ್ಧತಿಯೊಂದುಂಟು. ಅಲ್ಲಿಯೂ ಬೇರೊಂದು ಸಂಕಟ ಕಾದಿರುತ್ತದೆ. ಎರ್ಬಿಯಂ ಪರಮಾಣು ತುಂಬಿದ ಶಕ್ತಿಯನ್ನು ಸುಮಾರು ೧೦ ಮಿಲಿಸೆಕೆಂಡು ಹಿಡಿದಿಟ್ಟುಕೊಳ್ಳುತ್ತದೆ. ತೂಬು ಮುಚ್ಚಿದ ಕೆರೆಯನ್ನು ನೆನೆಯಿರಿ. ದಿನವೂ ಒಂದೇ ಹದದಲ್ಲಿ ನೀರು ಬಿಡುತ್ತಿದ್ದರೆ ಮಟ್ಟ ಸ್ಥಿರ. ಬಹುಕಾಲ ಮುಚ್ಚಿಟ್ಟು ತಟ್ಟನೆ ತೆಗೆದರೆ ಮೊದಲ ಗದ್ದೆಯ ಬದು ಕೊಚ್ಚಿಹೋಗುತ್ತದೆ. ಹಗಲು ಎಲ್ಲರೂ ಮಾತಾಡುತ್ತಿರುವಾಗ ಎರ್ಬಿಯಂ ಚೆನ್ನಾಗಿಯೇ ನಡೆದುಕೊಳ್ಳುತ್ತದೆ. ನಡುರಾತ್ರಿ ಜಾಲ ಮೌನವಾಗಿದ್ದು ಆಮೇಲೆ ಮಾತಾಡಿದ ಮೊದಲ ಮನೆಯ ಬೆಳಕು ಮಿತಿಮೀರಿ ಉಬ್ಬಿ ಗ್ರಾಹಕವನ್ನು ತಬ್ಬಿಬ್ಬುಗೊಳಿಸುತ್ತದೆ. ಮೌನದಲ್ಲಿಯೂ ಬೇರೊಂದು ಬಣ್ಣದ ಬೆಳಕನ್ನು ಹಾಯಿಸುತ್ತ, ಕೋಡಿಯಲ್ಲಿ ನೀರು ಹೋಗುವಂತೆ, ಹೆಚ್ಚಿನ ಶಕ್ತಿಯನ್ನು ಹರಿಯಬಿಡುವುದು ಇದಕ್ಕೆ ಪರಿಹಾರ.

೧೩೧೦ಕ್ಕೆ ಒದಗುವುದು ಅರ್ಧವಾಹಕ ವರ್ಧಕ. ಇದು ತುದಿಗಳಲ್ಲಿ ಪ್ರತಿಫಲನವನ್ನು ತಡೆದು ಲೇಸರಾಗದಂತೆ ಮಾಡಿದ ಲೇಸರ್ ಎನ್ನಬಹುದು. ಮಿಲಿಮೀಟರಿನಷ್ಟು ಉದ್ದದ ಸ್ಫಟಿಕ, ಶಕ್ತಿ ಕೊಡುವುದು ವಿದ್ಯುತ್ ಪ್ರವಾಹ. ಇದರ ಸ್ವಭಾವ ಎರ್ಬಿಯಂಗೆ ತದ್ವಿರುದ್ಧ. ಶಕ್ತಿ ನಿಲ್ಲುವುದು ಒಂದು ನ್ಯಾನೊಸೆಕೆಂಡಿನ ಆಸುಪಾಸು ಮಾತ್ರ. ಆದುದರಿಂದ ರಾತ್ರಿಯ ಮೌನದ ಉಬ್ಬರ ಇಲ್ಲಿಲ್ಲ. ಆದರೆ ಜಿ-ಪಾನಿನ ಏರುದಾರಿಯಲ್ಲಿ ಒಂದೊಂದು ಸಂಕೇತದ ಅವಧಿಯೇ ೦.೮ ನ್ಯಾನೊಸೆಕೆಂಡು! ಹತ್ತಿರದ ಮನೆಯ ಪ್ರಬಲ ಬೆಳಕು ಬಂದಾಗ, ಮೊದಲನೆಯ ಸಂಕೇತ ಶಕ್ತಿಯನ್ನೆಲ್ಲ ಉಂಡು ಮುಂದಿನದಕ್ಕೆ ಅರೆಹೊಟ್ಟೆ ಉಳಿಸುತ್ತದೆ. ಮುಂದಿನ ಬೆಂಚಿನವನು ಹಾಜರಿಗೆ ಕಿರುಚಿ ಹೇಳುತ್ತಾನೆ, ಹಿಂದಿನ ಬೆಂಚಿನವಳದು ಪಿಸುಮಾತು. ಇಬ್ಬರಿಗೂ ಒಂದೇ ಕಿವಿ ಹೊಂದಿಕೊಳ್ಳಬೇಕು. ಹತ್ತಿರದವರಿಗೆ ದನಿ ತಗ್ಗಿಸಲು ಕೇಂದ್ರವೇ ಆಜ್ಞೆ ಮಾಡುವ ಅವಕಾಶವನ್ನು ಪದ್ಧತಿಯಲ್ಲಿ ಇಟ್ಟಿದ್ದಾರೆ.

ಬೇಸಗೆಯ ಬಿಸಿಲೂ ಈ ಲೆಕ್ಕದಲ್ಲಿ ಸೇರುತ್ತದೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಮನೆಯ ಅಗ್ಗದ ಲೇಸರಿಗೆ ತಂಪು ಮಾಡುವ ಏರ್ಪಾಡಿಲ್ಲ. ಉಷ್ಣತೆ ಒಂದು ಡಿಗ್ರಿ ಏರಿದರೆ ಅಲೆಯುದ್ದ ೦.೧ ನ್ಯಾನೊಮೀಟರಿನಷ್ಟು ಜರುಗುತ್ತದೆ. ಆದಕಾರಣ ೧೩೧೦ ಎಂದರೂ ಮೊದಲಿಗೆ ೧೨೬೦ರಿಂದ ೧೩೬೦ರವರೆಗೆ ಬಾಗಿಲು ತೆರೆದಿಟ್ಟಿದ್ದರು. ಅಷ್ಟು ಅಗಲದ ಬಾಗಿಲಿನಿಂದ ವರ್ಧಕದ ಗದ್ದಲವೂ ಧಾರಾಳವಾಗಿ ಒಳಬರುತ್ತದೆ. ಹೀಗಾಗಿ ವರ್ಧಕವಿರುವ ಜಾಲಗಳಲ್ಲಿ ೨೦ ನ್ಯಾನೊಮೀಟರಿನ ಕಿರುಬಾಗಿಲನ್ನು ಇಡುತ್ತಾರೆ. ೨೦೦೮ರಲ್ಲಿ ಜಿ-ಪಾನನ್ನು ೬೦ ಕಿಲೋಮೀಟರಿಗೆ ವಿಸ್ತರಿಸುವ ಕ್ರಮವನ್ನು ಒಕ್ಕೂಟ ಪ್ರಕಟಿಸಿತು. ಬೆಳಕನ್ನು ವಿದ್ಯುತ್ತಾಗಿಸಿ, ತಿದ್ದಿ, ಮತ್ತೆ ಬೆಳಕಾಗಿಸುವ ಪೆಟ್ಟಿಗೆಗೂ ಅದರಲ್ಲಿ ಎಡೆಯುಂಟು.

ಆದರೆ ನಮಗೆ ಕಾಣುವ ಮುಖ್ಯ ಆಕ್ಷೇಪ ಬೇರೆ. ದಾರಿಯ ನಡುವೆ ವರ್ಧಕವನ್ನಿಟ್ಟ ಕೂಡಲೆ ಜಾಲ ನಿಷ್ಕ್ರಿಯವಾಗಿ ಉಳಿಯುವುದಿಲ್ಲ. ಅದಕ್ಕೆ ಕರೆಂಟು ಬೇಕು, ಬ್ಯಾಟರಿ ಬೇಕು, ಬೀಗ ಬೇಕು, ಕೆಟ್ಟಾಗ ಹೋಗಿ ನೋಡುವ ಮನುಷ್ಯ ಬೇಕು. ಆಷಾಢದ ಗಾಳಿಮಳೆಗೆ ಮರ ಬಿದ್ದು ವಾರಗಟ್ಟಲೆ ಕತ್ತಲೆಯಾಗುವ ಊರುಗಳಲ್ಲಿ ಇದು ಅಲ್ಪ ಸಂಗತಿಯಲ್ಲ. ವರ್ಧಕವಿಲ್ಲದೆ ಹಳ್ಳಿಗೆ ಬೆಳಕಿಲ್ಲ. ವರ್ಧಕವಿಟ್ಟರೆ, ಸಂಪರ್ಕ ಅತ್ಯಂತ ಅವಶ್ಯವಾದ ದಿನವೇ ಅದು ಕೈಕೊಡಬಹುದು.

ಇಲ್ಲಿ ರಾಮನ್ ಪರಿಣಾಮ ಸಹಾಯಕ್ಕೆ ಬರುತ್ತದೆ. ಸರ್ ಸಿ. ವಿ. ರಾಮನ್ ಅವರು ಬೆಂಗಳೂರಿಗೆ ಬಂದು ನೆಲೆಸುವುದಕ್ಕೆ ಮುನ್ನ, ೧೯೨೮ರಲ್ಲಿ, ಕಲ್ಕತ್ತೆಯಲ್ಲಿ ಕಂಡುಹಿಡಿದ ಸಂಗತಿಯಿದು: ಅಣುಗಳಿಂದ ಚದರಿದ ಬೆಳಕಿನಲ್ಲಿ ಸ್ವಲ್ಪ ಭಾಗ ತನ್ನ ಶಕ್ತಿಯ ಒಂದಂಶವನ್ನು ಅಣುಗಳ ಕಂಪನಕ್ಕೆ ಕೊಟ್ಟು ಬಣ್ಣ ಬದಲಿಸುತ್ತದೆ. ಬದಲಾದ ಬಣ್ಣದ ಬೆಳಕು ಮೊದಲೇ ಅಲ್ಲಿದ್ದರೆ ಈ ಬದಲಾವಣೆಗೆ ಪ್ರಚೋದನೆ ದೊರೆತು ಆ ಬೆಳಕು ಹೆಚ್ಚುತ್ತದೆ. ಗಾಜಿನ ಎಳೆಯಲ್ಲಿಯೇ ಈ ವರ್ಧನೆಯನ್ನು ಬೆಲ್ ಪ್ರಯೋಗಶಾಲೆಯ ಸ್ಟೋಲೆನ್ ಮತ್ತು ಇಪ್ಪೆನ್ ೧೯೭೩ರಲ್ಲಿ ಅಳೆದರು. ೧೩೧೦ರ ಬೆಳಕನ್ನು ಹೆಚ್ಚಿಸಲು ಬೇಕಾದುದು ಸುಮಾರು ೧೨೪೦ ನ್ಯಾನೊಮೀಟರಿನ ಬೆಳಕು. ಅದನ್ನು ಕೇಂದ್ರದಿಂದಲೇ ಎಳೆಯೊಳಕ್ಕೆ, ಬರುವ ಸಂದೇಶಕ್ಕೆ ಎದುರಾಗಿ ಬಿಡಬಹುದು. ಆಗ ಹೂತಿಟ್ಟ ಸಾಮಾನ್ಯ ಎಳೆಯೇ, ಕೇಂದ್ರದ ಕಡೆಯ ಹಲವು ಕಿಲೋಮೀಟರ್ ಉದ್ದಕ್ಕೂ, ವರ್ಧಕವಾಗುತ್ತದೆ. ಕಾಡಿನ ನಡುವೆ ಪೆಟ್ಟಿಗೆಯಿಲ್ಲ, ಬ್ಯಾಟರಿಯಿಲ್ಲ. ಇಲ್ಲಿ ಶಕ್ತಿಯನ್ನು ಶೇಖರಿಸಿಡುವ ಪರಮಾಣುಗಳೂ ಇಲ್ಲ, ವರ್ಧನೆ ತತ್‌ಕ್ಷಣದ್ದು. ಹೀಗಾಗಿ ಕೆರೆ ಉಕ್ಕುವ ಬಾಧೆಯೂ ಇಲ್ಲವೆನ್ನಬಹುದು.

ಬೆಲೆ ಬೇರೆ ಕಡೆ ತೆರಬೇಕು. ನೂರಾರು ಮಿಲಿವ್ಯಾಟಿನಿಂದ ಒಂದು ವ್ಯಾಟಿನವರೆಗೆ ಬೆಳಕನ್ನು ಬಿಡಬಲ್ಲ ಲೇಸರುಗಳು ದುಬಾರಿ. ಎಳೆ ತುಂಡಾದಾಗ ಹೊರಚೆಲ್ಲುವ ಆ ಕಾಣದ ಬೆಳಕು ದುರಸ್ತಿಗೆ ಬಂದವನ ಕಣ್ಣಿಗೆ ಅಪಾಯ. ಎಳೆ ತುಂಡಾದುದು ತಿಳಿದೊಡನೆ ಲೇಸರ್ ತಾನಾಗಿ ಆರುವ ವ್ಯವಸ್ಥೆ ಇದಕ್ಕಾಗಿ ಕಡ್ಡಾಯ. ಆದರೂ ಕೇಂದ್ರವೊಂದರಲ್ಲಿ ಸಾವಿರಾರು ಮನೆಗಳ ನಗರಕ್ಕೆ ಇದು ದುಬಾರಿಯಾಗಿ ಕಂಡರೂ, ಮನೆ ಕಡಮೆ ದಾರಿ ದೂರವಿರುವ ಸೀಮೆಗೆ ಇದೇ ತಕ್ಕ ಮಾರ್ಗವೆಂದು ನಮ್ಮ ಅಭಿಪ್ರಾಯ. ೨೦೦೯ರಲ್ಲಿ ಆಸ್ಟ್ರೇಲಿಯದ ಮೆಲ್ಬೋರ್ನ್ ವಿಶ್ವವಿದ್ಯಾನಿಲಯದ ಸಂಶೋಧಕರು ರಾಮನ್ ವರ್ಧನೆಯಿಂದ ಜಿ-ಪಾನಿನ ದೂರವನ್ನು ಹೆಚ್ಚಿಸುವ ಪ್ರಯೋಗವನ್ನು ಗ್ರಾಮಪ್ರದೇಶಗಳನ್ನು ಉದ್ದೇಶಿಸಿಯೇ ನಡೆಸಿದರು. ಊರಿಗೂ ಊರಿಗೂ ನಡುವೆ ಬಯಲೇ ಹೆಚ್ಚಾಗಿರುವ ಆ ದೇಶದಲ್ಲಿ ಪ್ರಶ್ನೆ ನಮ್ಮ ಮಲೆನಾಡಿನದೇ ಆಗಿತ್ತು: ಕೇಂದ್ರವನ್ನು ಮನೆಯ ಹತ್ತಿರಕ್ಕೆ ಒಯ್ಯದೆ, ದಾರಿಯಲ್ಲಿ ಕರೆಂಟನ್ನೂ ಬೇಡದೆ, ಮನೆಯ ಒಂದು ಮಿಲಿವ್ಯಾಟ್ ಬೆಳಕು ಕೇಂದ್ರವನ್ನು ಮುಟ್ಟುವುದು ಹೇಗೆ?